ತಾಯಿಯ ಹೇಳಿಕೆ

"ದುರ್ಗವ್ವಾ, ಈ ಪುಸ್ತಕದಾಗ ನಿನ್ನ ಮಗ ಭೀಮಶ್ಯಾ ಸತ್ತು ಇಪ್ಪತ್ತೊಂದು ವರ್ಸಾತು," ಎಂದ ತಲಾಟಿ ಗುರಲಿಂಗಪ್ಪ, ಹುಟ್ಟು-ಸಾವಿನ ಪುಸ್ತಕದ ಮೇಲೆ ಬೆರಳಿಟ್ಟು. "ಸತ್ತಾಂವಗ ಇಂಗ್ಲೆಂಡಿನಾಗ ಓದಾಕ ಸರಕಾರ ಹ್ಯಾಂಗ ರೊಕ್ಕಾ ಕೊಡತೈತಿ?"

ಆ ಸತ್ತವನು ಯಂಕಂಚಿಯ ಚಾವಡಿಯ ಬಾಗಿಲಲ್ಲೇ ನಿಂತಿದ್ದ, ಇಸ್ತ್ರಿ ಮಾಡಿದ ಅಂಗಿ ತೊಟ್ಟು.

ತಪ್ಪು ಅವನಪ್ಪನದು, ತಪ್ಪು ಅನ್ನಲಿಕ್ಕೂ ಬಾಯಿ ಬರದು. ದುರ್ಗವ್ವನಿಗೆ ಇಬ್ಬರು ಗಂಡುಮಕ್ಕಳು. ಹಿರಿಯವ ಭೀಮಶ್ಯಾ ಮೂರು ತುಂಬುತ್ತಲೇ ಜ್ವರದಲ್ಲಿ ಹೋದ. ಕಿರಿಯವ ರಾವಸಾಬನನ್ನು ಸಾಲೆಗೆ ಕರೆದೊಯ್ದಾಗ ಮಾಸ್ತರರು ವಯಸ್ಸು ಸಾಲದೆಂದರು. ಮುಂದಿನ ವರ್ಷ ತಾನಿರುತ್ತೇನೋ ಇಲ್ಲವೋ ಎಂದು ಕೆಮ್ಮುತ್ತಿದ್ದ ಅಪ್ಪ, ಹಿರಿಯವನ ಹೆಸರು, ಹುಟ್ಟಿದ ತಾರೀಖು ಕೊಟ್ಟು ಬಂದುಬಿಟ್ಟ. ಮನೆಯಲ್ಲಿ ರಾವಸಾಬ, ಸಾಲೆಯಲ್ಲಿ ಭೀಮಶ್ಯಾ. ಆ ಹೆಸರಲ್ಲೇ ಮೆಟ್ರಿಕ್, ಆ ಹೆಸರಲ್ಲೇ ಧಾರವಾಡದ ಎಮ್ಮೆಸ್ಸಿ, ಈಗ ಆ ಹೆಸರಿಗೇ ದಿಲ್ಲಿಯಿಂದ ಸ್ಕಾಲರ್‌ಶಿಪ್: ವಿಮಾನದ ಖರ್ಚು, ಫೀಸು, ಊಟ, ಎಲ್ಲ. ಎಂಟು ದಿನದೊಳಗೆ ಊರಿನ ದಾಖಲೆ ಸರಿಯಾಗಿ ಹೋಗದಿದ್ದರೆ ಅದು ಇನ್ನೊಬ್ಬರ ಪಾಲು.

"ಒಂದ ದಾರಿ ಐತಿ," ಎಂದ ಗುರಲಿಂಗಪ್ಪ. "ಸತ್ತಾಂವ ಭೀಮಶ್ಯಾ ಅಲ್ಲ, ಅವನ ತಮ್ಮ ರಾವಸಾಬ, ಹೆಸರು ಅದಲಿಬದಲಿ ಆಗ್ಯಾವು ಅಂತ ತಾಯಿ ಹೇಳಿಕಿ ಕೊಡಬೇಕು. ಸಿಂದಗಿ ತಾಲೂಕ ಕಚೇರಿಗೆ ನಾನ ಕಳಸ್ತೇನಿ."

"ಬಿಡ್ತು ಅನ್ರಿ ಸಾಹೇಬ್ರ. ಕಣ್ಣೆದುರಿಗೆ ನಿಂತ ಮಗನ್ನ ಸತ್ತಾನ ಅಂತ ಹ್ಯಾಂಗ ಅನ್ನಲಿ?"

"ಕಾಗದ ಅಷ್ಟ ಯವ್ವಾ," ಎಂದ ರಾವಸಾಬ. ಮಂದಿಯ ಹೊಲದಲ್ಲಿ ಕಸ ತೆಗೆದು ಓದಿಸಿದ ಮಗ ಕೈಮುಗಿಯುವುದನ್ನು ನೋಡಲಾರದೆ ದುರ್ಗವ್ವ ನೆಲಕ್ಕೆ ಕೂತಳು.

"ಸತ್ತಾಂವನ ಹೆಸರು?"

"ರಾವಸಾಬ."

"ಏನಾಗಿತ್ತು?"

"ಜ್ವರ ಬಂದಿದ್ದುವ್ರಿ."

"ಮಣ್ಣು ಎಲ್ಲಿ ಮಾಡಿದ್ರಿ?"

"ಹಳ್ಳದ ದಂಡಿಗೆ. ಜಾಲಿಗಿಡದ ಬುಡಕ."

ತಲಾಟಿ ಬರೆದು ಮುಗಿಸಿದ. ದುರ್ಗವ್ವನ ಮಾತು ಮಾತ್ರ ನಿಲ್ಲಲಿಲ್ಲ. "ಕೌದಿ ಹೊತಗೊಂಡು ಮಲಗಿದ್ದ, ನೀರು ಕೇಳಿದ್ನರಿ. ತಂಬಿಗಿ ತರೂದ್ರಾಗ ಕಣ್ಣು ಮ್ಯಾಲಾಗಿದ್ದುವು." ಹೇಳುತ್ತಿದ್ದಂತೆ, ಇಷ್ಟು ವರ್ಷ ಕಣ್ಣಿಗೆ ಕಟ್ಟಿದ್ದ ಹಿರಿಯವನ ಮುಖ ಎಲ್ಲೋ ಹೋಗಿತ್ತು. ಎಷ್ಟು ತಡಕಿದರೂ ಆ ಕೌದಿಯಲ್ಲಿ ಕಿರಿಯವನೇ ಮಲಗಿದ್ದ, ಗದ್ದದ ಮೇಲಿನ ಮಚ್ಚೆ ಸಮೇತ. ಗುರಲಿಂಗಪ್ಪ ಅವಳ ಹೆಬ್ಬೆಟ್ಟು ಹಿಡಿದು ಒತ್ತಿಸಿಕೊಂಡ.

ಮಟಮಟ ಮಧ್ಯಾಹ್ನ. ಹಳ್ಳದ ದಾರಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಮಗ ಹಗುರಾಗಿ ಮುಂದೆ ನಡೆದಿದ್ದ. ಅವನ ಮನಸ್ಸು ಆಗಲೇ ವಿಮಾನ ಹತ್ತಿರಬೇಕು. ದುರ್ಗವ್ವನಿಗೆ ಸುಮ್ಮನೆ ಅವನ ಮುಖ ನೋಡಬೇಕೆನಿಸಿತು.

"ರಾವಸಾಬ," ಎಂದು ಕರೆದಳು.

ಅವನು ತಿರುಗಲಿಲ್ಲ.

"ಏ ರಾವಸಾಬ."

ನಡೆಯುತ್ತಲೇ ಇದ್ದ. ಅಷ್ಟೇನು ದೂರವಿರಲಿಲ್ಲ, ಹತ್ತು ಮಾರು. ಮೂರನೆಯ ಸಲ ಕೂಗಿದಳು. ಅವನ ಹೆಜ್ಜೆ ಕೂಡ ತಪ್ಪಲಿಲ್ಲ. ಆ ಇನ್ನೊಂದು ಹೆಸರು ಅವಳ ಬಾಯಿಂದ ಹೇಗೆ ಬಂತೋ.

"ಭೀಮಶ್ಯಾ."

"ಓ ಯವ್ವಾ," ಎಂದು ಅವನು ಥಟ್ಟನೆ ತಿರುಗಿ ನಕ್ಕ.

ದುರ್ಗವ್ವ ಅವನ ಹತ್ತಿರ ಹೋಗಲಿಲ್ಲ. ಜಾಲಿಗಿಡದ ಕಡೆ ಹೊರಳಿ, ಮಲಗಿದ ಕೂಸನ್ನು ಎಬ್ಬಿಸುವ ದನಿಯಲ್ಲಿ, "ರಾವಸಾಬ," ಎಂದಳು. ಎಂದು, ಉತ್ತರಕ್ಕೆ ಕಾದು ನಿಂತಳು.