ಅಂಗಡಿ ಕಾಯ್ದವರು

ಔಷಧಿ ಮೈಗಿಳಿಯತೊಡಗಿತೆಂದರೆ ಇಸ್ತ್ರಿ ಅಕ್ಕನಿಗೆ ಲೋಕವೆಲ್ಲ ಹಬೆಯಾಗಿ ಕಾಣುತ್ತಿತ್ತು. ಆಸ್ಪತ್ರೆಯ ಒರಗುಕುರ್ಚಿ, ಎದುರಿನ ಹಸಿರು ಪರದೆ, ಗಾಜಿನಾಚೆಯ ಪಾರಿವಾಳ ಎಲ್ಲವೂ ಅಂಚು ಕರಗಿ ಒಂದರೊಳಗೊಂದು ಸೇರಿಕೊಳ್ಳುತ್ತಿದ್ದವು. ಆ ಹಬೆಯೊಳಗಿಂದ ಅವಳು ಇಷ್ಟು ವರ್ಷ ಇಸ್ತ್ರಿ ಮಾಡಿದ ಅಂಗಿಗಳು ಒಂದೊಂದಾಗಿ ಎದ್ದುಬಂದು, ಒಳಗೆ ಮೈಯೇ ಇಲ್ಲದೆ, ಕುತ್ತಿಗೆತನಕ ಗುಂಡಿ ಹಾಕಿಕೊಂಡು ಸಾಲಾಗಿ ನಡೆದುಹೋಗುತ್ತಿದ್ದವು. "ಎಲ್ಲಿಗ್ರೋ ಹೊರಟ್ರಿ?" ಎಂದರೆ ತೋಳು ಬೀಸಿ ಮುಂದೆ ಸಾಗುತ್ತಿದ್ದವು.

"ಅಕ್ಕಾ, ಯಾರ ಹತ್ರ ಮಾತಾಡ್ತಿದೀಯ?" ಪಕ್ಕದಲ್ಲಿ ಕೂತ ತಂಗಿ ಮೆಲ್ಲನೆ ಕೇಳುತ್ತಿದ್ದಳು.

"ಗಿರಾಕಿಗಳು ಕಣೇ. ಎಲ್ಲಾರೂ ಹೋಗ್ತಿದಾರೆ."

ಔಷಧಿ ಅಂಗಡಿಗೂ ಕೀಲಿ ಮಾಡುವವನ ಗೂಡಿಗೂ ನಡುವೆ ಅವಳದೊಂದು ಸಣ್ಣ ಅಂಗಡಿ. ಮೇಜು, ಇಸ್ತ್ರಿ ಪೆಟ್ಟಿಗೆ, ನೀರು ಚಿಮುಕಿಸುವ ಬಾಟಲಿ, ಗೋಡೆ ತುಂಬ ಹ್ಯಾಂಗರು. ಅಷ್ಟೇ ಅವಳ ಆಸ್ತಿ. ಬಲಗಡೆಯ ಎದೆಯಲ್ಲಿ ಗಂಟು ಸಿಕ್ಕಿ ಶಸ್ತ್ರಚಿಕಿತ್ಸೆಯಾದ ಮೇಲೆ ಡಾಕ್ಟರು, "ಬಲಗೈಯಲ್ಲಿ ಭಾರ ಎತ್ತಬೇಡಿ, ಆ ಕೈ ಸುಟ್ಕೋಬೇಡಿ" ಎಂದಿದ್ದರು. "ಡಾಕ್ಟ್ರೇ, ನನ್ನ ಕಸುಬೇ ಅವೆರಡು" ಎಂದು ಅಕ್ಕ ನಕ್ಕಿದ್ದಳು. ನಗು ಮನೆ ಮುಟ್ಟುವವರೆಗೂ ಉಳಿಯಲಿಲ್ಲ.

ತಂಗಿ ಕಾರು ಕಲಿಸುವವಳು. ಹೊಸಬರ ಪಕ್ಕದಲ್ಲಿ ಕೂತು ದಿನವಿಡೀ ಗಾಬರಿ ನುಂಗಿ, ಮನೆಯಲ್ಲಿ ಅಕ್ಕ ಬಾಗಿಲು ಜೋರಾಗಿ ಹಾಕಿದರೂ ನೆಲಕ್ಕೆ ಕಾಲೊತ್ತಿ ಬ್ರೇಕು ಹುಡುಕುವಳು. ಚಿಕಿತ್ಸೆಯ ಬಹುಪಾಲನ್ನು ಆಸ್ಪತ್ರೆಯೇ ನೋಡಿಕೊಂಡಿತ್ತು. ಆದರೆ ಅಕ್ಕನನ್ನು ಕರೆತಂದ ದಿನಗಳಲ್ಲಿ ತಂಗಿಗೆ ದುಡಿಮೆಯಿಲ್ಲ. ಅಂಗಡಿಯ ಬಾಗಿಲು ತೆರೆಯದೆ ಬಾಡಿಗೆ ಬಾಕಿ ನಿಂತಿತ್ತು. ಫೋನಿನ ಕವರು ಮಾರುವವನೊಬ್ಬ ಜಾಗ ಕೇಳುತ್ತಿದ್ದಾನೆಂದು ಮಾಲೀಕ ನಯವಾಗಿಯೇ ಹೇಳಿಹೋಗಿದ್ದ.

"ಇನ್ನು ಬಾಯಿ ಮುಚ್ಕೊಂಡು ಕೂತ್ರೆ ಆಗಲ್ಲ" ಎಂದು ತಂಗಿ ಅಕ್ಕನ ಎಡಗೈ ಹಿಡಿದು ಆಸ್ಪತ್ರೆಯ ಮೆಟ್ಟಿಲ ಕೆಳಗಿನ ಕೋಣೆಗೆ ಕರೆದೊಯ್ದಳು. ರೋಗಿಗಳಿಗೆ ನೆರವು ಹುಡುಕಿಕೊಡುವ ಹೆಂಗಸು ಅಲ್ಲಿ ಕೂರುತ್ತಿದ್ದಳು.

"ನಿಜ ಹೇಳ್ತೀನಿ" ಎಂದಳಾಕೆ. "ಮಗುವಿನ ಮುಖ ನೋಡಿದ್ರೆ ಜನ ತಾವಾಗೇ ಕೈ ಬಿಚ್ತಾರೆ. ನಿಮ್ಮಂಥ ದೊಡ್ಡೋರಿಗೆ ಕೊಡೋರು ಕಡಿಮೆ. ಹಾಗಂತ ಇಲ್ವೇ ಇಲ್ಲ ಅಂತಲ್ಲ. ಎರಡು ಕಡೆ ಕೇಳಿ ನೋಡೋಣ."

ಮೊದಲನೆಯದು ದೊಡ್ಡ ಸಂಸ್ಥೆ. ಅಲ್ಲಿಯವನು ಫೋನಿನಲ್ಲಿ ಮೃದುವಾಗಿ ಮಾತಾಡಿ ಒಂದು ಫೋಟೋ ಕೇಳಿದ. "ಸ್ವಲ್ಪ ದುಃಖ ಕಾಣಿಸ್ಬೇಕು ಮೇಡಂ. ನೋಡಿದೋರ ಮನಸ್ಸು ಕರಗ್ಬೇಕು."

ಭಾನುವಾರ ಮಧ್ಯಾಹ್ನ ಕಿಟಕಿಯ ಬೆಳಕಿನಲ್ಲಿ ತಂಗಿ ಅವಳನ್ನು ಕೂರಿಸಿದಳು. "ತಲೆ ಬಗ್ಗಿಸು. ಹಾಗಲ್ಲ, ನಿದ್ದೆ ಬಂದಂಗಿದೆ. ಸ್ವಲ್ಪ ಅಳು."

"ಬೇಕಾದಾಗ ಎಲ್ಲಿ ಬರುತ್ತೇ? ನಿನ್ನೆ ಬಂದಿತ್ತು, ಆಗ್ಲೇ ತೆಗೀಬೇಕಿತ್ತು."

"ಅಪ್ಪನ ನೆನಪು ಮಾಡ್ಕೋ."

ಅಪ್ಪ ಬಟ್ಟೆ ಒಣಹಾಕುವ ಹಗ್ಗಕ್ಕೆ ಟೋಪಿ ಸಿಕ್ಕಿಸಿಕೊಂಡು, ಅದು ಗೊತ್ತಾಗದೆ, ಕದ್ದವರು ಯಾರೆಂದು ಓಣಿಯೆಲ್ಲ ಹುಡುಕಿದ್ದು ಅಕ್ಕನ ನೆನಪಿಗೆ ಬಂತು. ಹೇಳಿದ್ದೇ ತಡ, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ತೆಗೆದ ಫೋಟೋಗಳಲ್ಲೆಲ್ಲ ಕೂದಲಿಲ್ಲದ ಹೆಂಗಸೊಬ್ಬಳು ಬಾಯ್ತುಂಬ ನಗುತ್ತಿದ್ದಳು. ಅದನ್ನೇ ಕಳಿಸಿದರು. ಸಂಸ್ಥೆಯಿಂದ ಉತ್ತರ ಬರಲೇ ಇಲ್ಲ.

"ನಾನು ಮೊದಲೇ ಹೇಳಿದ್ನಲ್ಲ" ಎಂದು ಅಕ್ಕ ಮುಖ ತಿರುಗಿಸಿ ಮಲಗಿದಳು. "ದುಡಿದ ಕೈ ಕಣೇ ಇದು. ಚಾಚೋದು ಗೊತ್ತಿಲ್ಲ ಇದಕ್ಕೆ." ಎರಡನೆಯ ಕಡೆಗೆ ಅವಳನ್ನು ಹೊರಡಿಸಲು ತಂಗಿ ಗೋಗರೆಯಬೇಕಾಯಿತು.

ಅದು ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂದು ಕೋಣೆ. ಕೆಳಗಿನಿಂದ ಚಕ್ರ ತಿರುಗಿಸುವ ಸದ್ದು ಸಣ್ಣಗೆ ಏಳುತ್ತಿತ್ತು. ನಿವೃತ್ತ ಟೀಚರೊಬ್ಬರು ಅಲ್ಲಿ ರೋಗಿಗಳಿಗೆ ನೆರವಾಗುವ ಸಣ್ಣ ಸಂಘವೊಂದನ್ನು ನಡೆಸುತ್ತಿದ್ದರು. ಗೋಡೆಯ ಮೇಲೆ ಹಳೆಯ ಶಾಲೆಯ ನಕ್ಷೆ. ಬಿಸಿಲಿಗೆ ಸಮುದ್ರಗಳೆಲ್ಲ ಬೆಳ್ಳಗಾಗಿದ್ದವು. ಅಕ್ಕನ ಕಣ್ಣು ಆ ಬಿಳಿ ನೀರಿನಲ್ಲಿ ತೇಲತೊಡಗಿತು. ಟೀಚರು ಆತುರ ಮಾಡಲಿಲ್ಲ.

"ನೀವು ಕೆಲಸಕ್ಕೆ ಹೋಗದೆ ಏನು ನಿಂತುಹೋಗಿದೆ?" ಎಂದು ಆಮೇಲೆ ಕೇಳಿದರು.

"ಅಂಗಡಿ."

"ಅದು ಹೋದ್ರೆ?"

ಅಕ್ಕ ನಕ್ಷೆಯಿಂದ ಕಣ್ಣು ಕಿತ್ತಳು. ಈ ಪ್ರಶ್ನೆಯನ್ನು ಇದುವರೆಗೆ ಯಾರೂ ಕೇಳಿರಲಿಲ್ಲ. "ಎಲ್ರೂ ಬದುಕಿ ಬಾ ಅಂತಾರೆ. ಬದುಕಿ ಬಂದು ಎಲ್ಲಿಗೆ ಹೋಗ್ಲಿ, ಟೀಚರೇ?"

ಟೀಚರು ಒಂದು ಪುಸ್ತಕ ತೆರೆದು ಪೆನ್ನು ತೆಗೆದರು. "ಹಾಗಾದ್ರೆ ಅಂಗಡಿ ಉಳಿಸೋಣ. ಚಿಕಿತ್ಸೆ ಮುಗಿಯೋವರೆಗೂ ಬಾಡಿಗೆ ನಾವು ಮಾಲೀಕರಿಗೇ ಕೊಡ್ತೀವಿ. ಆಸ್ಪತ್ರೆಗೆ ಹೋಗಿಬರೋ ಖರ್ಚೂ ಇರಲಿ. ನಿಮ್ಮ ತಂಗಿ ತನ್ನ ಕೆಲಸಕ್ಕೆ ಹೋಗಲಿ."

"ಈ ಕೈ ಯಾವತ್ತೂ ಯಾರ ಹತ್ರಾನೂ..."

"ನಾನೂ ಅಂದಿದ್ದೆ" ಎಂದು ಟೀಚರು ತಮ್ಮ ಅಂಗೈಯನ್ನು ಬೆಳಕಿಗೆ ಹಿಡಿದರು. "ನನಗೂ ಇದೇ ಕಾಯಿಲೆ ಬಂದಿತ್ತು. ಆಮೇಲೆ ತಗೊಂಡೆ. ನೋಡಿ, ಕೈ ಹೇಗಿತ್ತೋ ಹಾಗೇ ಇದೆ."

ಅಕ್ಕನಿಗೆ ಅಳು ಬಂತು. ತಂಗಿ ಪಕ್ಕದಲ್ಲಿ ಗೊಣಗಿದಳು, "ಈಗ ಬಂತು ನೋಡಿ, ಫೋಟೋಗೆ ಬರ್ಲಿಲ್ಲ."

ಆಮೇಲಿನ ಪ್ರಯಾಣಗಳು ಅವಳಿಗೆ ನಿದ್ದೆಯೊಳಗಿನ ದಾರಿಯಂತಿದ್ದವು. ಟ್ಯಾಕ್ಸಿಯ ಗಾಜಿಗೆ ತಲೆಯಾನಿಸಿದರೆ ಮರಗಳು, ಮಹಡಿಗಳು, ಮೇಲೆಲ್ಲೋ ಒಣಹಾಕಿದ ಬಿಳಿ ಹೊದಿಕೆಗಳು ಜಾರಿಹೋಗುತ್ತಿದ್ದವು. ಒಮ್ಮೊಮ್ಮೆ ತಾನೂ ಆ ಹೊದಿಕೆಗಳ ನಡುವೆ ಗಾಳಿಗೆ ಹಗುರಾಗಿ ತೂಗುತ್ತಿದ್ದೇನೆ ಎನಿಸುತ್ತಿತ್ತು, ಭಯವಾಗುತ್ತಿರಲಿಲ್ಲ. ವಾಂತಿಯ ದಿನಗಳೂ ಇದ್ದವು, ಯಾರ ಮೇಲೋ ಸಿಡುಕಿದ ದಿನಗಳೂ ಇದ್ದವು. ಕೀಲಿ ಮಾಡುವವನು ಆಗಾಗ ಅಂಗಡಿಯ ಬಾಗಿಲೆತ್ತಿ ಒಳಗೆ ಗಾಳಿಯಾಡಿಸುತ್ತಿದ್ದ. ಮಾಲೀಕ ಮತ್ತೆ ಜಾಗ ಬಿಡುವ ಮಾತೆತ್ತಲಿಲ್ಲ.

ಚಿಕಿತ್ಸೆ ಮುಗಿದಾಗ ಡಾಕ್ಟರು, "ಸದ್ಯಕ್ಕೆ ಏನೂ ಕಾಣ್ತಿಲ್ಲ. ತಪಾಸಣೆಗೆ ಬರ್ತಾ ಇರಿ" ಎಂದರು. ಆ "ಸದ್ಯಕ್ಕೆ"ಯನ್ನೇ ಅಕ್ಕ ಮಡಚಿ ಮನಸ್ಸಿನಲ್ಲಿಟ್ಟುಕೊಂಡಳು. ಅಂಗಡಿ ತೆರೆದು, ಎತ್ತುವ ಕೆಲಸಕ್ಕೆ ಒಬ್ಬ ಹೆಂಗಸನ್ನಿಟ್ಟುಕೊಂಡು, ತಾನು ಎಡಗೈಯಿಂದ ಸಣ್ಣಪುಟ್ಟ ಬಟ್ಟೆ ತೀಡಲು ಕಲಿತಳು. ಮೊದಮೊದಲು ಕಾಲರುಗಳು ಸೊಟ್ಟಗಾದವು. ಗಿರಾಕಿಗಳು ಕಂಡೂ ಕಾಣದಂತೆ ಹಾಕಿಕೊಂಡು ಹೋದರು.

ಒಂದು ಮಧ್ಯಾಹ್ನ ಗಿರಾಕಿಗಳಲ್ಲೊಬ್ಬ, ಬ್ಯಾಂಕಿನವನು, ಕೊಟ್ಟಿದ್ದ ಅಂಗಿಗೆಂದು ಬಂದ. ಒಳಗೆ ಹಬೆ ತಣ್ಣಗೆ ಇಳಿಯುತ್ತಿತ್ತು. ಆಗಷ್ಟೇ ತೀಡಿದ ಹೊದಿಕೆಗಳ ಬೆಚ್ಚನೆಯ ರಾಶಿಗೆ ಕೆನ್ನೆಯಾನಿಸಿ ಅಕ್ಕ ನಿದ್ದೆಹೋಗಿದ್ದಳು. ಊಟಕ್ಕೆ ಬಂದಿದ್ದ ತಂಗಿ ತುಟಿಯ ಮೇಲೆ ಬೆರಳಿಟ್ಟಳು.

"ನಾಳೆ ಬರ್ಲಾ?" ಎಂದು ಅವನು ಪಿಸುಗುಟ್ಟಿದ.

"ನಾಳೆ ಬನ್ನಿ."

ಅವನು ಮೆಟ್ಟಿಲನ್ನು ತುದಿಗಾಲಲ್ಲಿ ಇಳಿದುಹೋದ.