ವಾಯವ್ಯದ ಗೋಡೆ

ಹೆರಾಲ್ಡನಷ್ಟು ಪೆದ್ದ ಡ್ರಾಫ್ಟ್ಸ್‌ಮನ್ ಇಡೀ ಒಮಾನಿನಲ್ಲಿ ಇರಲಿಕ್ಕಿಲ್ಲ. ಹೊರಗಿನವರಿಗೆ ನಕ್ಷೆಯ ಪಿಡಿಎಫ್ ಮಾತ್ರ ಕೊಡಿ, ತಿದ್ದಲು ಬರುವ ಕ್ಯಾಡ್ ಫೈಲ್ ಕೊಟ್ಟರೆ ಕುತ್ತಿಗೆ ಕೊಟ್ಟಂತೆ ಎಂದು ಅಲ್ ಮಬೇಲಾದ ಆಫೀಸಿನಲ್ಲಿ ಹೊಸಬರಿಗೆಲ್ಲ ಪಾಠ ಮಾಡುತ್ತಿದ್ದವನೇ ಅವನು. ಎಡ್ವರ್ಡ್ ಕೇಳಿದಾಗ ಮಾತ್ರ ತೆಪ್ಪಗೆ ಕಳಿಸಿಬಿಟ್ಟ. ಎಡ್ವರ್ಡ್ ಹೊರಗಿನವನೇ? ಹೆರಾಲ್ಡನ ಮಗಳ ಜ್ಞಾನಸ್ನಾನದಲ್ಲಿ ಅವಳನ್ನು ಎತ್ತಿಕೊಂಡು ನಿಂತವನು!

ನಕ್ಷೆ ಸಹಮ್ ಹತ್ತಿರದ ಖರ್ಜೂರದ ತೋಟದೊಳಗಿನ ಪಾಳು ಕಟ್ಟಡದ್ದು. ತೋಟದ ಧಣಿ ಎಡ್ವರ್ಡನ ಕಫೀಲ್, ಅವನಿಗೆ ವೀಸಾ ಕೊಟ್ಟ ಅರಬಿ. ಮನೆಯ ಹೆಂಗಸರು ಓಡಾಡುವ ಜಾಗವೆಂದು ಅವನು ಫೋಟೋ ತೆಗೆಯಲು ಬಿಡಲಿಲ್ಲ. ಹೆರಾಲ್ಡ್ ಆರು ಶುಕ್ರವಾರ ಟೇಪು ಹಿಡಿದು ಅಳೆದ. ನಡುವೆ ಗ್ರಂಥ ಓದುವವನು ನಿಲ್ಲುವ ಕಲ್ಲಿನ ಕಟ್ಟೆ, ಮೇಲೆ ಹೆಂಗಸರ ಅಟ್ಟಕ್ಕೆ ತೊಲೆ ಕೂರಿಸಿದ ತೂತುಗಳು, ಗೋಡೆಯಲ್ಲಿ ಆಳೆತ್ತರದ ಗೂಡು. ಮಸೀದಿಯಾಗಿದ್ದರೆ ಗೂಡು ಪಶ್ಚಿಮಕ್ಕೆ, ಮೆಕ್ಕಾದ ಕಡೆ ಇರಬೇಕಿತ್ತು. ಇದು ವಾಯವ್ಯಕ್ಕೆ ತಿರುಗಿತ್ತು, ಜೆರುಸಲೇಮಿನ ಕಡೆ.

"ಯೆಹೂದ್ಯರ ಸಿನಗಾಗ್ ಮಾರಾಯ! ಇದು ಉಳಿಯಬೇಕು," ಎಂದ ಹೆರಾಲ್ಡ್.

"ಉಳಿಸುವ. ಫೈಲ್ ಕಳಿಸು, ಪುರಾತತ್ವ ಇಲಾಖೆಗೆ ನಾನು ಮುಟ್ಟಿಸ್ತೇನೆ," ಅಂದ ಎಡ್ವರ್ಡ್.

ಮುಟ್ಟಿಸಿದ, ಮುಟ್ಟಿಸದೆ ಏನು! ತಿಂಗಳು ಬಿಟ್ಟು ಹೆರಾಲ್ಡ್ ಹೋಗಿ ನೋಡಿದರೆ ಅಲ್ಲಿ ಸಮತಟ್ಟು ಮಣ್ಣು, ಮೂಲೆಯಲ್ಲಿ ಬುಲ್ಡೋಜರ್. ಅಲ್ಲಿಂದಲೇ ಎಡ್ವರ್ಡಿಗೆ ಫೋನ್ ಹಚ್ಚಿದ.

"ಕಫೀಲಿಗೆ ಕೋಲ್ಡ್ ಸ್ಟೋರೇಜ್ ಕಟ್ಟಬೇಕಂತೆ ಮಾರಾಯ. ನನ್ನ ವೀಸಾ ಅವನ ಕೈಯಲ್ಲುಂಟು. ಖಲಾಸ್, ಬಿಡು. ಶುಕ್ರವಾರ ಊಟಕ್ಕೆ ಬಾ, ಕೋರಿರೊಟ್ಟಿ ಉಂಟು."

ಕೋರಿರೊಟ್ಟಿಯಂತೆ! ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು? ಹೆರಾಲ್ಡ್ ಮರುದಿನವೇ ಇಲಾಖೆಗೆ ಓಡಿದ.

ಅಧಿಕಾರಿ ಸಮಾಧಾನದ ಮನುಷ್ಯ. ಅರಬಿ ಕಾಫಿ ಕಾವಾ ಕೊಟ್ಟು ಕೂರಿಸಿ, ಕೆಡವಲು ಅನುಮತಿ ಕೇಳಿ ಬಂದಿದ್ದ ನಕ್ಷೆ ಬಿಡಿಸಿಟ್ಟ. ಹೆರಾಲ್ಡನ ನಕ್ಷೆಯೇ. ಅದರಲ್ಲಿ ಕಟ್ಟೆ ಇಲ್ಲ, ತೊಲೆಯ ತೂತುಗಳಿಲ್ಲ. ಗೂಡಿದ್ದ ಕಡೆ ಗೋಡೆ ಬರೀ ನೆಟ್ಟಗೆ ಎಳೆದ ಗೆರೆ. ಮೇಲೆ 'ಹಳೇ ಗೋದಾಮು' ಎಂದಿತ್ತು, ಕೆಳಗೆ ನಕ್ಷೆ ಬರೆದವನ ಜಾಗದಲ್ಲಿ ಹೆರಾಲ್ಡ್ ಪಿಂಟೋ.

ಕೆಡವಿಸಿದ್ದೂ ಅಲ್ಲದೆ ಸುಳ್ಳನ್ನು ನನ್ನ ಕೈಯಲ್ಲೇ ಬರೆಸಿದನಲ್ಲ ಪಾಪಿ! ಹೆರಾಲ್ಡ್ ಲ್ಯಾಪ್‌ಟಾಪ್ ತೆರೆದು ಅಸಲಿ ನಕ್ಷೆ ತೋರಿಸಿದ.

ಅಧಿಕಾರಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ. "ಎರಡರಲ್ಲೂ ನಿಮ್ಮದೇ ಹೆಸರು. ನಿಜ ಯಾವುದು?"

"ಒಮ್ಮೆ ಬಂದು ಆ ಗೋಡೆ ಅಳೆದು ನೋಡಿ ಸಾರ್, ನಿಮಗೇ ಗೊತ್ತಾಗ್ತದೆ," ಎಂದುಬಿಟ್ಟ ಹೆರಾಲ್ಡ್.

"ಯಾವ ಗೋಡೆ?" ಎಂದ ಅಧಿಕಾರಿ.