ನಾ ಬಂದು ಕೇಳೂ ತನಕ

ಹೆಣ ಹೊರುವ ಬಿದಿರಿನ ವಿಮಾನದ ನಾಲ್ಕನೆಯ ಮೂಲೆಗೆ ಬಾಳೆದಿಂಡು ಬಿಗಿಯುತ್ತಿದ್ದಾಗ ಗೌರವ್ವ ತಲೆಯೆತ್ತಿ ಅದರ ಎತ್ತರ ನೋಡಿದಳು. ವಿಭೂತಿ ಹಚ್ಚಿ ಒಳಗೆ ಕೂಡಿಸಿದ್ದ ಗಂಡನ ನೆತ್ತಿಗಿಂತ ಮೂರು ಮೊಳ ಮೇಲೆ ಗೋಪುರ ಎದ್ದಿತ್ತು. ಅಂಕಲಗಿಯ ರುದ್ರಭೂಮಿಯ ದಾರಿಗೆ ಅಡ್ಡವಾಗಿ ದೊಡ್ಡ ಲೈನು ಜೋತುಬಿದ್ದಿತ್ತು. ಮೂವತ್ತು ವರ್ಷ ಲೈನ್‌ಮನ್ ಆಗಿದ್ದ ವೀರಪ್ಪ ಇವತ್ತೂ ಅದರ ಕೆಳಗೇ ಹಾಯಬೇಕಿತ್ತು.

ಕೇದಾರಿ ಹೊರುವವರಿಗೆ ಸನ್ನೆ ಮಾಡಿದ. ವೀರಪ್ಪನ ಕೈಯಲ್ಲಿ ಪಳಗಿ, ಈಗ ಅದೇ ಲೈನು ನೋಡುವವನು ಅವನು. ಗೋಕಾಕಕ್ಕೆ ಆಗಷ್ಟೇ ಫೋನು ಹಚ್ಚಿ ಕರೆಂಟು ಬಂದ್ ಮಾಡಿಸಿದ್ದ. ಪಡಸಾಲೆಯ ಬಲ್ಬು ಆರಿತ್ತು.

"ಕೇದಾರಿ, ಹುಕ್ಕೇರಿ ಕಡೀ ಕರೆಂಟು?" ಎಂದಳು ಗೌರವ್ವ.

ಹಿರಿಯಳಾದ ಶೆಟ್ಟೆವ್ವ ಆಕೆಯ ರಟ್ಟೆ ಹಿಡಿದಳು. "ಎತ್ತೂ ಹೊತ್ತಿನ್ಯಾಗ ಅಡ್ಡಮಾತು ಆಡಬಾರದವಾ."

"ಗೋಕಾಕದಿಂದನ ಬಂದ್ ಆಗೇತಲ್ಲ ವೈನಿ, ಇನ್ನೆಲ್ಲಿಂದ..." ಎಂದ ಕೇದಾರಿ.

ಬಲ್ಬು ತಾನಾಗಿ ಹತ್ತಿತು. ವಿಮಾನದ ಬಿದಿರು ಹಿಡಿದಿದ್ದವರು ಒಬ್ಬೊಬ್ಬರಾಗಿ ಕೈ ಬಿಟ್ಟರು.

*

ಹದಿಮೂರು ವರ್ಷದ ಹಿಂದೆ ಹೀಗೆ ತಾನಾಗಿ ಕರೆಂಟು ತರುವ ಯಂತ್ರ ಇರಲಿಲ್ಲ. ಊರಿನ ಕಂಬ ಹತ್ತುವ ಮುಂಚೆ ವೀರಪ್ಪ ಫ್ಯೂಜು ಕಿತ್ತು ತಂದು ಹೆಂಡತಿಯ ಉಡಿಗೆ ಹಾಕುತ್ತಿದ್ದ. "ನಾ ಬಂದು ಕೇಳೂ ತನಕ ದೇವರು ಕೇಳಿದ್ರೂ ಕೊಡಬ್ಯಾಡ" ಎನ್ನುತ್ತಿದ್ದ.

ಒಮ್ಮೆ ಗಿರಣಿಯ ವರ್ಧಮಾನ ಬಂದು ನಿಂತ. ಹಾಕಿದ ಜೋಳ ಅರ್ಧಕ್ಕೆ ನಿಂತಿದೆ, ಲೈನು ರಿಪೇರಿಯಾಗಿ ತಾಸಾಯಿತು, ಫ್ಯೂಜು ಕೊಡು ಎಂದ. ಗದರಿದ, ಮೇಲಿನವರಿಗೆ ಅರ್ಜಿ ಬರೆಯುತ್ತೇನೆಂದ. ಗೌರವ್ವ ಉಡಿಯ ಗಂಟು ಇನ್ನಷ್ಟು ಬಿಗಿದು ರೊಟ್ಟಿ ಬಡಿಯುತ್ತ ಕುಳಿತಳು. ಆ ಹೊತ್ತು ವೀರಪ್ಪ ಕೆರೆಯ ಆಚೆ, ತುಂಡಾದ ತಂತಿಯನ್ನು ಬರಿಗೈಯಲ್ಲಿ ಹೆಣೆಯುತ್ತಿದ್ದ.

ಯಂತ್ರ ಬಂದದ್ದು ಹೋದ ವರ್ಷ. ಗೋಕಾಕದ ಕಡೆಯ ಕರೆಂಟು ಹೋದರೆ ತುಸು ತಡೆದು ಹುಕ್ಕೇರಿಯ ಕಡೆಯಿಂದ ತಾನೇ ತಂದುಕೊಡುವಂಥದ್ದು. ಮೊದಲ ಗಾಳಿಮಳೆಯಲ್ಲಿ ವೀರಪ್ಪ ತಾಟು ಸರಿಸಿ ಚಪ್ಪಲಿ ಹುಡುಕುವುದರೊಳಗೆ ದೀಪ ಬಂತು. ಅವನು ಮತ್ತೆ ಕುಳಿತು ನಕ್ಕ. "ಮೂವತ್ತು ವರ್ಷದಾಗ ಇವತ್ತ ನೋಡು ಬಿಸಿರೊಟ್ಟಿ ಬಿಸಿ ಇದ್ದಾಗನ ಉಂಡೆ. ಶಾಣ್ಯಾ ಐತಿ, ನನಗಿಂತ ಚುರುಕ. ಆದ್ರ ಕಂಬದ ಮ್ಯಾಲೆ ಯಾರರ ಅದಾರೇನು ಅಂತ ಅದು ಕೇಳಂಗಿಲ್ಲ."

*

ಕೇದಾರಿ ತಲೆ ತಗ್ಗಿಸಿದ್ದ. ಹಳೆಯ ರೂಢಿಯಂತೆ ಒಂದೇ ಕಡೆ ಫೋನು ಮಾಡಿ ಮುಗಿಸಿದ್ದ.

ಹೊರಲು ಬಂದಿದ್ದ ವರ್ಧಮಾನ ಹೆಗಲ ಮೇಲಿನ ಟವೆಲು ತೆಗೆದು ಮುಖ ಒರೆಸಿಕೊಂಡ. "ಆವತ್ತು ಈ ತಂಗಿ ಫ್ಯೂಜು ಕೊಟ್ಟಿದ್ರ, ನನ್ನ ಕೈಲೆನ ಆ ಮನಷ್ಯಾನ್ನ ಕೊಂದಿರ್ತಿದ್ದೆ. ಇವತ್ತು ನಮ್ಮನ್ನ ಉಳಿಸಿದ್ಲು. ಹೋಗೋ ಕೇದಾರಿ, ನೀ ಬರೂ ತನಕ ಹೆಣ ಕಾಯತೈತಿ."

ಕೇದಾರಿ ಮೋಟಾರಸೈಕಲ್ ಹತ್ತಿದ. ಹೆಣ ಕಾಯಿಸಬಾರದೆಂದು ಗೊಣಗಿದವರೂ ಕುಳಿತರು. ಅವನು ಯಂತ್ರದ ಹಿಡಿಕೆ ಕೆಳಗೆಳೆದು ಕೀಲಿ ಹಾಕಿ, ತಂತಿಗಳಿಗೆ ಕರೆಂಟು ನೆಲಕ್ಕಿಳಿಸುವ ಸರಪಳಿ ಬಿಗಿದು ಬರುವಷ್ಟರಲ್ಲಿ ಬಿಸಿಲು ಇಳಿದಿತ್ತು. ಬಂದವನು ಕೀಲಿಕೈಯನ್ನು ಗೌರವ್ವನ ಉಡಿಗೆ ಹಾಕಿದ.

ವಿಮಾನ ಎದ್ದಿತು. ಗೋಪುರದ ತುದಿಯ ಚೆಂಡುಹೂವು ತಂತಿಗೆ ಸವರಿ ಎರಡು ಎಸಳು ಉದುರಿದವು.

ಮಣ್ಣು ಕೊಟ್ಟು, ಮಿಂದು ಕೇದಾರಿ ಬಾಗಿಲಿಗೆ ಬಂದು ನಿಂತಾಗ ಊರಿಗೆ ಊರೇ ಕತ್ತಲಾಗುತ್ತಿತ್ತು. ಕೀಲಿಕೈಗೆ ಕೈ ಮಾತ್ರ ಚಾಚಿದ.

"ಸರಪಳಿ ಬಿಚ್ಚಿದ್ಯಾ?"

"ಬಿಚ್ಚೇನಿ ವೈನಿ."

"ಎಲ್ಲಾರೂ ತಿರುಗಿ ಬಂದ್ರಾ?"

ಗೌರವ್ವ ಓಣಿಯ ತುದಿಯವರೆಗೂ ಕಣ್ಣು ಹಾಯಿಸಿದಳು. ಆಮೇಲೆ ಗಂಟು ಬಿಚ್ಚಿ ಕೀಲಿಕೈ ಕೊಟ್ಟಳು.

ಓಣಿಯ ದೀಪಗಳೆಲ್ಲ ಒಮ್ಮೆಲೇ ಹತ್ತಿದಾಗ ಆಕೆ ಹೊಸ್ತಿಲಲ್ಲೇ ಇದ್ದಳು, ಬರಿದಾದ ಉಡಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು.